ಮೈದಾನದಲ್ಲಿ ಹೇಳಲಾಗದ ಮಾತು

ಸಂಜೆ ಶಾಲೆ ಬಿಟ್ಟ ಮೇಲೆ ಹೊಸೂರು ಕಡೆಯ ಆಟದ ಬಯಲಿಗೆ ಹೋದರೆ ಒಂದು ಮಾತು ಕಿವಿಗೆ ಬೀಳುವುದುಂಟು. ಚೆಂಡನ್ನು ಬಿಟ್ಟುಕೊಟ್ಟ ಹುಡುಗನಿಗೆ, "ಕೈಗೆ ಬಳೆ ತೊಟ್ಟುಕೊಂಡಿದ್ದೀಯೇನೋ?" ಎಂಬ ಹಂಗಿಸುವಿಕೆ. ಎಲ್ಲರೂ ನಗುತ್ತಾರೆ. ಉಪಾಧ್ಯಾಯರಾದ ನಾವೂ ನಕ್ಕಿದ್ದೇವೆ. ಅದೇ ಗುಂಪಿನಲ್ಲಿ, ಹುಡುಗರ ಮೇಲೆಯೇ ಮನಸ್ಸು ಹೋಗುವ ಒಬ್ಬ ಹುಡುಗನಿದ್ದರೆ, ಬಾಯಿ ತೆರೆಯಬಾರದೆಂಬ ಪಾಠವನ್ನು ಅವನು ಅಂದೇ ಕಲಿಯುತ್ತಾನೆ.

ಬಾಯಿ ತೆರೆದವನೊಬ್ಬನ ಕಥೆ ಇಂಗ್ಲೆಂಡಿನದು. ಜಸ್ಟಿನ್ ಫಶಾನು ಎಂಬ ಫುಟ್‌ಬಾಲ್ ಆಟಗಾರನನ್ನು 1981ರಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡ ಹತ್ತು ಲಕ್ಷ ಪೌಂಡು ತೆತ್ತು ಸೇರಿಸಿಕೊಂಡಿತು. ಆ ದೇಶದಲ್ಲಿ ಅಷ್ಟು ಬೆಲೆ ಪಡೆದ ಮೊದಲ ಕಪ್ಪು ವರ್ಣದ ಆಟಗಾರ ಆತ. 1990ರಲ್ಲಿ ತಾನು ಸಲಿಂಗಪ್ರೇಮಿ ಎಂದು ಪತ್ರಿಕೆಯ ಮೂಲಕ ಹೇಳಿಕೊಂಡ. ಪ್ರೇಕ್ಷಕರ ಹೀಯಾಳಿಕೆ ಹಾಗಿರಲಿ, ಫುಟ್‌ಬಾಲ್ ಆಟಗಾರನೇ ಆಗಿದ್ದ ಸ್ವಂತ ತಮ್ಮನೂ ಬಹಿರಂಗವಾಗಿ ಆತನನ್ನು ದೂರವಿಟ್ಟ. 1998ರಲ್ಲಿ, 37ನೆಯ ವಯಸ್ಸಿನಲ್ಲಿ, ಫಶಾನು ಆತ್ಮಹತ್ಯೆ ಮಾಡಿಕೊಂಡ. ಬ್ರಿಟನ್ನಿನಲ್ಲಿ ವೃತ್ತಿಯಲ್ಲಿದ್ದ ಇನ್ನೊಬ್ಬ ಪುರುಷ ಆಟಗಾರ ಆ ಮಾತನ್ನು ಬಹಿರಂಗವಾಗಿ ಹೇಳಿದ್ದು 2022ರಲ್ಲಿ. ಆತ ಬ್ಲ್ಯಾಕ್‌ಪೂಲ್ ತಂಡದ ಜೇಕ್ ಡೇನಿಯಲ್ಸ್, 17ರ ಹುಡುಗ. ನಡುವೆ 32 ವರ್ಷಗಳ ಮೌನ.

ನಮ್ಮ ದೇಶದಲ್ಲಿ ಆ ಧೈರ್ಯ ತೋರಿದವಳು ಒಡಿಶಾದ ನೇಕಾರ ಕುಟುಂಬದ ಓಟಗಾರ್ತಿ ದ್ಯುತಿ ಚಂದ್. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿ ಪದಕ ಗೆದ್ದವಳು, ಮರುವರ್ಷ ತಾನು ಒಬ್ಬ ಹುಡುಗಿಯನ್ನು ಪ್ರೀತಿಸುತ್ತಿರುವುದಾಗಿ ಹೇಳಿದಳು. ವಿರೋಧ ಮನೆಯೊಳಗಿನಿಂದಲೇ ಬಂದಿತು.

ಕಾನೂನು ಮಾತ್ರ ಸಮಾಜಕ್ಕಿಂತ ಮುಂದೆ ನಡೆದಿದೆ. ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ತೀರ್ಪಿತ್ತಿತು. ನಮ್ಮ ಕೃಷ್ಣಗಿರಿಯೂ ಒಳಪಡುವ ಮದ್ರಾಸ್ ಹೈಕೋರ್ಟಿನಲ್ಲಿ 2021ರಲ್ಲಿ ಇಬ್ಬರು ಯುವತಿಯರ ಮೊಕದ್ದಮೆ ಬಂದಾಗ, ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಅವರು ಈ ವಿಷಯದಲ್ಲಿ ತಮಗೆ ತಿಳಿವಳಿಕೆ ಸಾಲದೆಂದು ಒಪ್ಪಿ, ಮನಃಶಾಸ್ತ್ರಜ್ಞರ ಮುಂದೆ ವಿದ್ಯಾರ್ಥಿಯಂತೆ ಕುಳಿತು ಕಲಿತರು. ಆಮೇಲೆಯೇ ಆದೇಶ ಬರೆದರು. ಔಷಧೋಪಚಾರದಿಂದ ಇಂಥವರನ್ನು 'ಸರಿಪಡಿಸುವ' ಯತ್ನಗಳನ್ನು ಆ ಆದೇಶ ನಿಷೇಧಿಸಿತು. ನ್ಯಾಯಮೂರ್ತಿಗಳೇ ಕಲಿಯಬಹುದಾದರೆ ಮೇಷ್ಟರಿಗೇನು ಅಡ್ಡಿ?

1956ರ ರಾಜ್ಯ ವಿಂಗಡಣೆಯಲ್ಲಿ ಗಡಿಯಾಚೆ ಉಳಿದ ಕಾಸರಗೋಡಿನವರಿಗೂ ಹೊಸೂರಿನವರಿಗೂ ಅಲ್ಪಸಂಖ್ಯಾತರ ಪಾಡು ಹೊಸದಲ್ಲ. ಕಚೇರಿಯಲ್ಲಿ, ಬಸ್ಸಿನಲ್ಲಿ ದನಿ ತಗ್ಗಿಸಿ ಮಾತನಾಡಿದವರು ನಾವು. ಆದರೆ ಮನೆಯ ಹೊಸಿಲು ದಾಟಿದರೆ ನಮ್ಮ ನುಡಿಯೇ ನಮ್ಮನ್ನು ಎದುರುಗೊಳ್ಳುತ್ತದೆ. ಅಮ್ಮ ಕನ್ನಡದಲ್ಲೇ ಊಟಕ್ಕೆ ಕರೆಯುತ್ತಾಳೆ. ಆ ಹುಡುಗನಿಗೆ ಅಷ್ಟೂ ಇಲ್ಲ. ಅವನು ಮೈದಾನದಲ್ಲಿ ಮಾತ್ರವಲ್ಲ, ಊಟದ ಎಲೆಯ ಮುಂದೆಯೂ ಒಬ್ಬಂಟಿ.

ಅವನು ಇಂದೇ ಎಲ್ಲವನ್ನೂ ಹೇಳಿಬಿಡಲಿ ಎಂದು ಒತ್ತಾಯಿಸುವುದು ತರವಲ್ಲ. ಹೇಳುವುದೂ ಬಿಡುವುದೂ ಅವನಿಗೆ ಸೇರಿದ್ದು. ಹೇಳಿದ ದಿನ ಅಪ್ಪ ಕೈ ಎತ್ತದಿರಲಿ, ಅಮ್ಮ ಬಾಗಿಲು ಮುಚ್ಚದಿರಲಿ. ಅದಕ್ಕೂ ಮುಂಚೆ, ಮೈದಾನದಲ್ಲಿ ಆ ಬಳೆಯ ಮಾತು ಬಂದಾಗ ಮೇಷ್ಟರು ನಗದೆ ನಿಲ್ಲಲಿ.