ಮನಸ್ಸು ಬಿಟ್ಟು ದಿನ ಎಣಿಸಿದ ಕಾನೂನು

ಅಮೆರಿಕದಲ್ಲಿರುವ ವಿದೇಶಿಯ ತೆರಿಗೆ ಲೆಕ್ಕ 1984ರವರೆಗೆ ಅವನ ಮನಸ್ಸಿನ ಮೇಲೆ ನಿಂತಿತ್ತು. ಇಲ್ಲೇ ನೆಲೆ ನಿಲ್ಲುವವನೋ, ಬಂದ ಕೆಲಸ ಮುಗಿಸಿ ಊರಿಗೆ ಮರಳುವವನೋ ಎಂದು ನೋಡಿ ‘ನಿವಾಸಿ’ಯೋ ಅಲ್ಲವೋ ಎಂದು ತೀರ್ಮಾನಿಸುತ್ತಿದ್ದರು. ನಿವಾಸಿಯಾದರೆ ಬಸವನಗುಡಿಯ ಮನೆ ಬಾಡಿಗೆಯನ್ನೂ ಅಲ್ಲಿನ ರಿಟರ್ನ್ಸ್‌ನಲ್ಲಿ ತೋರಿಸಬೇಕು. ಅನಿವಾಸಿಗೆ ಹೆಚ್ಚುಕಡಿಮೆ ಅಮೆರಿಕದ ಗಳಿಕೆಯದಷ್ಟೇ ಲೆಕ್ಕ. ಇಷ್ಟು ದೊಡ್ಡ ವ್ಯತ್ಯಾಸ ಒಬ್ಬನ ಇರಾದೆಗೆ ಜೋತುಬಿದ್ದರೆ ವಕೀಲರಿಗೆ ಹಬ್ಬ.

1984ರ ಕಾಯ್ದೆ ಇದಕ್ಕೆ ಮಗ್ಗಿ ಹಾಕಿತು. ಗ್ರೀನ್ ಕಾರ್ಡ್ ಇದ್ದವರು ನಿವಾಸಿಗಳೇ. ಉಳಿದವರು ಈ ವರ್ಷ ಅಲ್ಲಿದ್ದ ದಿನಗಳಿಗೆ ಹೋದ ವರ್ಷದ್ದರ ಮೂರನೇ ಒಂದು ಪಾಲು, ಅದರ ಹಿಂದಿನದರ ಆರನೇ ಒಂದು ಪಾಲು ಸೇರಿಸಬೇಕು. ಈ ವರ್ಷ ಕನಿಷ್ಠ 31 ದಿನ ಇದ್ದು ಮೊತ್ತ 183 ಮುಟ್ಟಿದರೆ ನಿವಾಸಿ. ಮೂರೂ ವರ್ಷ 121 ದಿನ ಇದ್ದವರದು 181.5, ಪಾರು. 122 ಇದ್ದವರದು ಸರಿಯಾಗಿ 183! ಆದರೂ ಆ ವರ್ಷ 183 ದಿನ ತುಂಬದವರು ಕೆಲಸದ ನೆಲೆ, ಮನೆಮಠದ ನಂಟು ಬೇರೆ ದೇಶದಲ್ಲೇ ಇದೆಯೆಂದು ತೋರಿಸಿ ತಪ್ಪಿಸಿಕೊಳ್ಳಬಹುದು. ಹೊರಗಟ್ಟಿದ ಮನಸ್ಸು ಹಿತ್ತಿಲ ಬಾಗಿಲಿಂದ ಬಂತು ಅನ್ನಿ.

ನಮ್ಮ ಮಕ್ಕಳಿಗೆ ತಟ್ಟುವುದು ಇನ್ನೊಂದು ವಿನಾಯಿತಿ. ಎಫ್-1 ವೀಸಾದ ವಿದ್ಯಾರ್ಥಿಯ ದಿನಗಳು ಐದು ಕ್ಯಾಲೆಂಡರ್ ವರ್ಷಗಳವರೆಗೆ ಎಣಿಕೆಗೆ ಬರುವುದಿಲ್ಲ. ಇಲ್ಲೊಂದು ಕೊಕ್ಕೆ: ಡಿಸೆಂಬರ್ 28ಕ್ಕೆ ವಿಮಾನ ಇಳಿದರೂ ಒಂದಿಡೀ ವರ್ಷ ಖರ್ಚಾದಂತೆ. 2021ರ ಆಗಸ್ಟ್‌ನಲ್ಲಿ ಮೊದಲ ಸಲ ಹೋದವರಿಗೆ 2025ಕ್ಕೆ ಐದು ಮುಗಿದು, 2026ರ ಜನವರಿ 1ರಿಂದ ಎಣಿಕೆ ಶುರು.

ಅನಿವಾಸಿಗಳಿಗೆ ಅಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುವುದಿಲ್ಲ. ಆದರೆ 1989ರ ಸೆಪ್ಟೆಂಬರ್ 12ರಂದು ದೆಹಲಿಯಲ್ಲಿ ಸಹಿಯಾದ ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿ ಭಾರತದಿಂದ ಹೋದ ವಿದ್ಯಾರ್ಥಿಗಳಿಗೆ ಅದನ್ನು ಕೊಟ್ಟಿದೆ. 2024ರ ಗಳಿಕೆಗೆ ಅದು 14,600 ಡಾಲರ್. ಕ್ಯಾಂಪಸ್ ಲೈಬ್ರರಿಯಲ್ಲಿ ಗಂಟೆ ಲೆಕ್ಕದಲ್ಲಿ ದುಡಿಯುವ ಹುಡುಗಿಯ ವರ್ಷದ ಸಂಬಳ ಬಹುಪಾಲು ಇದರೊಳಗೇ ಅಡಗೀತು. ಆದರೆ ಅದನ್ನು ಅನಿವಾಸಿಗಳ 1040-ಎನ್‌ಆರ್ ಫಾರಂನಲ್ಲೇ ಕೇಳಬೇಕು. ರೂಮ್‌ಮೇಟ್ ತೋರಿಸಿದ ಸಾಫ್ಟ್‌ವೇರ್‌ನಲ್ಲಿ ನಿವಾಸಿಗಳ 1040 ತುಂಬಿ ಕಳಿಸಿಬಿಡುವವರೇ ಹೆಚ್ಚು ಎಡವುವುದು.

ಬಿಡಿಗಾಸು ಸಂಪಾದಿಸದ ವಿದ್ಯಾರ್ಥಿಯೂ ಸುಮ್ಮನಿರುವಂತಿಲ್ಲ. ಎಣಿಕೆಯಿಂದ ಹೊರಗುಳಿದ ದಿನಗಳನ್ನು ಬರೆದ 8843 ಫಾರಂ ಜೂನ್ 15ರೊಳಗೆ ಅಂಚೆಗೆ ಬೀಳಬೇಕು.