ಕಿರುರಂಧ್ರದ ಶಸ್ತ್ರಚಿಕಿತ್ಸೆ

ಪಿತ್ತಕೋಶದಲ್ಲಿ ಕಲ್ಲುಗಳಾಗಿ ನರಳುವ ರೋಗಿಯ ಉದರವನ್ನು ಹಿಂದೆ ಗೇಣುದ್ದ ಸೀಳಬೇಕಾಗುತ್ತಿತ್ತು. 1985ರಲ್ಲಿ ಜರ್ಮನಿಯ ಶಸ್ತ್ರವೈದ್ಯ ಎರಿಕ್ ಮ್ಯೂಹೆ ಅವರು ಕಿರಿದಾದ ರಂಧ್ರದ ಮೂಲಕವೇ ಪಿತ್ತಕೋಶವನ್ನು ಹೊರತೆಗೆದರು. ಸಹವೈದ್ಯರು ಮೊದಮೊದಲು ಅದನ್ನು ಶಂಕೆಯಿಂದಲೇ ಕಂಡರು. ಇಂದು ಅದೇ ರೂಢಿಯ ವಿಧಾನ.

ರೋಗಿಗೆ ಅರಿವಳಿಕೆ ಕೊಟ್ಟ ಬಳಿಕ ಹೊಕ್ಕುಳಿನ ಹತ್ತಿರ ಒಂದು ಸೆಂಟಿಮೀಟರಿನಷ್ಟು ಕೊಯ್ದು, ಒಳಗೆ ಇಂಗಾಲದ ಡೈಆಕ್ಸೈಡನ್ನು ತುಂಬುತ್ತಾರೆ. ಗುಡಾರದ ಬಟ್ಟೆಯಂತೆ ಹೊಟ್ಟೆಯ ಗೋಡೆ ಮೇಲೆದ್ದು, ಅಂಗಗಳ ನಡುವೆ ಉಪಕರಣಗಳನ್ನು ಆಡಿಸಲು ಎಡೆ ದೊರೆಯುತ್ತದೆ. ಈ ಅನಿಲ ಹೊತ್ತಿಕೊಳ್ಳದು. ರಕ್ತದಲ್ಲಿ ಕರಗಿ ಉಸಿರಿನೊಡನೆ ಹೊರಹೋಗುತ್ತದೆ. ದೀಪ, ಕ್ಯಾಮೆರಾಗಳುಳ್ಳ ನಳಿಗೆಯೊಂದು ಒಳಗಿನದನ್ನು ಪರದೆಯ ಮೇಲೆ ತೋರಿಸುತ್ತದೆ. ಅದನ್ನು ನೋಡುತ್ತ, ಬೇರೆ ಎರಡು ಮೂರು ರಂಧ್ರಗಳಿಂದ ತೂರಿಸಿದ ನೀಳ ಉಪಕರಣಗಳಿಂದ ವೈದ್ಯರು ಕೆಲಸ ಮಾಡುತ್ತಾರೆ.

ಎಚ್ಚರವಾದ ರೋಗಿಗೆ ಹೆಗಲು ನೋಯುವುದುಂಟು. ಹೊಟ್ಟೆ ಕೊಯ್ದರೆ ಹೆಗಲೇಕೆ ನೋಯಬೇಕು? ಒಳಗೆ ತುಂಬಿದ ಅನಿಲ ಎದೆಗೂ ಹೊಟ್ಟೆಗೂ ನಡುವಿನ ವಪೆಯನ್ನು ಕೆರಳಿಸಿರುತ್ತದೆ. ವಪೆಯ ನರವೂ ಹೆಗಲಿನ ನರವೂ ಕತ್ತಿನ ಭಾಗದ ಮಿದುಳುಬಳ್ಳಿಯಿಂದಲೇ ಹೊರಡುವುದರಿಂದ ಮಿದುಳು ಮೋಸಹೋಗಿ, ವಪೆಯ ನೋವನ್ನು ಹೆಗಲಿನದೆಂದು ತಿಳಿಯುತ್ತದೆ. ಕೆಲವು ದಿನಗಳಲ್ಲಿ ಇದು ಶಮನವಾಗುತ್ತದೆ. ಹೊಟ್ಟೆನೋವು ಹೆಚ್ಚುತ್ತ ಹೋದರೆ, ಜ್ವರ ಬಂದರೆ, ಕಣ್ಣು ಹಳದಿಯಾದರೆ ಮಾತ್ರ ತಡಮಾಡದೆ ವೈದ್ಯರಿಗೆ ತಿಳಿಸಬೇಕು. ಗಾಯ ಕಿರಿದೆಂದು ಮನೆಯವರು ಹಗುರವಾಗಿ ಎಣಿಸುವುದುಂಟು. ಒಳಗೆ ನಡೆದಿರುವುದು ಹಿಂದಿನಷ್ಟೇ ದೊಡ್ಡ ಶಸ್ತ್ರಚಿಕಿತ್ಸೆ.

ಕೆಲವೊಮ್ಮೆ ರಕ್ತಸ್ರಾವದಿಂದಲೋ, ಅಂಗಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದಲೋ ನಡುವೆಯೇ ಉದರವನ್ನು ತೆರೆಯಬೇಕಾಗುತ್ತದೆ. ಅದನ್ನು ವೈದ್ಯರ ಸೋಲೆಂದು ಬಗೆಯಬೇಕಾಗಿಲ್ಲ. ಅದಕ್ಕೂ ರೋಗಿಯ ಒಪ್ಪಿಗೆಯನ್ನು ಮೊದಲೇ ಪಡೆದಿರುತ್ತಾರೆ.