ಚಿಟ್ಟೆ ನಕಲು ಹೊಡೆಯುವುದಿಲ್ಲ

ಬಿಡದಿ ಕೈಗಾರಿಕಾ ಪ್ರದೇಶದಲ್ಲಿ ಕಾರ್ಖಾನೆಯ ಕಾಂಪೌಂಡು ಮುಗಿದು ಹಳ್ಳಿಯ ಹಿತ್ತಿಲು ಶುರುವಾಗುವ ಕಡೆ ಕರಿಬೇವಿನ ಗಿಡ ಕಾಣದಿರುವುದು ಕಡಿಮೆ. ಒಗ್ಗರಣೆಗೆ ಎಲೆ ಕೀಳಲು ಹೋದವರು ಹಕ್ಕಿಯ ಹಿಕ್ಕೆ ಬಿದ್ದ ಎಲೆಯನ್ನು ಬಿಟ್ಟು ಪಕ್ಕದ್ದಕ್ಕೆ ಕೈ ಹಾಕುತ್ತಾರೆ. ತುಸು ಹೊತ್ತು ನಿಂತು ನೋಡಿದರೆ ಕೆಲವೊಮ್ಮೆ ಆ ಹಿಕ್ಕೆ ಹರಿದಾಡುತ್ತದೆ! ಅದು ಕಾಮನ್ ಮಾರ್ಮನ್ ಚಿಟ್ಟೆಯ ಎಳೆಯ ಹುಳು. ಬೆಳೆದ ಮೇಲೆ ಅದೇ ಹುಳು ಹಸಿರಾಗುತ್ತದೆ, ಬೆನ್ನಿನ ಮುಂಭಾಗದಲ್ಲಿ ಎರಡು ಹುಸಿಗಣ್ಣು ಮೂಡುತ್ತವೆ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬು ಚಾಚಿ ಗಬ್ಬು ವಾಸನೆ ಬಿಡುತ್ತದೆ.

‘ಎಂಥ ಕಿಲಾಡಿ’ ಅನ್ನುತ್ತೇವೆ. ತಪ್ಪು ಶುರುವಾಗುವುದು ಅಲ್ಲೇ. ಜೀವಿಗಳು ಯಾರನ್ನೋ ನೋಡಿ, ಬೇಕೆಂದೇ ವೇಷ ಹಾಕುತ್ತವೆ ಎಂದು ಬಹಳ ಜನ ನಂಬಿದ್ದಾರೆ.

ಮಾರ್ಮನ್ ಹೆಣ್ಣುಗಳಲ್ಲಿ ಮೂರು ಬಗೆ. ಒಂದು ಗಂಡಿನಂತೆಯೇ ಇರುತ್ತದೆ. ಇನ್ನೊಂದು ಕಾಮನ್ ರೋಸ್ ಚಿಟ್ಟೆಯಂತೆ, ಮತ್ತೊಂದು ಕ್ರಿಮ್ಸನ್ ರೋಸ್‌ನಂತೆ. ರೋಸ್‌ಗಳ ಹುಳುಗಳು ಈಶ್ವರಿ ಬಳ್ಳಿಯನ್ನು ತಿಂದು ಅದರ ವಿಷವನ್ನು ಮೈಯಲ್ಲಿ ಸೇರಿಸಿಕೊಳ್ಳುತ್ತವೆ. ಒಮ್ಮೆ ರೋಸ್ ತಿಂದು ಬಾಯಿ ಕೆಟ್ಟ ಹಕ್ಕಿ ಆ ಬಣ್ಣವನ್ನು ಮತ್ತೆ ಮುಟ್ಟಲು ಹಿಂಜರಿಯುತ್ತದೆ. ರುಚಿಯಾದ ಮಾರ್ಮನ್‌ಗಳಲ್ಲಿ ಹುಟ್ಟಿನಿಂದಲೇ ಆ ಬಣ್ಣವನ್ನು ತುಸು ಹೋಲುವವು ಹೆಚ್ಚಾಗಿ ಬದುಕುಳಿದು ಮೊಟ್ಟೆ ಇಡುತ್ತವೆ, ಮಿಕ್ಕವು ಹೆಚ್ಚಾಗಿ ಹಕ್ಕಿಯ ಹೊಟ್ಟೆ ಸೇರುತ್ತವೆ. ಬಿಡದಿಯ ಭಾಷೆಯಲ್ಲೇ ಹೇಳುವುದಾದರೆ, ಈ ಕಾರ್ಖಾನೆಯಲ್ಲಿ ಡಿಸೈನ್ ವಿಭಾಗವೇ ಇಲ್ಲ. ಇರುವುದು ರಿಜೆಕ್ಷನ್ ವಿಭಾಗ ಮಾತ್ರ, ಅದನ್ನು ನಡೆಸುವುದು ಹಕ್ಕಿಗಳು. ನಿಸರ್ಗತಜ್ಞ ಹೆನ್ರಿ ಬೇಟ್ಸ್ ಅಮೆಜಾನ್ ಕಾಡಿನ ಚಿಟ್ಟೆಗಳನ್ನಿಟ್ಟುಕೊಂಡು 1862ರಲ್ಲೇ ಇದನ್ನು ವಿವರಿಸಿದ್ದ.

ಹಾಗಾದರೆ ಒಂದೇ ತಾಯಿಯ ಮಕ್ಕಳಲ್ಲಿ ಬೇರೆ ಬೇರೆ ವೇಷ ಹೇಗೆ? ಇದಕ್ಕೆ ಜೀನುಗಳ ದಂಡೇ ಬೇಕೆಂದು ಬಹಳ ಕಾಲ ಊಹಿಸಲಾಗಿತ್ತು. 2014ರಲ್ಲಿ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನ ಕೃಷ್ಣಮೇಘ ಕುಂಟೆ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದ್ದು ಒಂದೇ ಜೀನನ್ನು: ಡಬಲ್‌ಸೆಕ್ಸ್. ಕೀಟಗಳಲ್ಲಿ ಗಂಡು-ಹೆಣ್ಣಿನ ಲಕ್ಷಣಗಳನ್ನು ರೂಪಿಸುವ ಹಳೆಯ ಜೀನೇ ಇಲ್ಲಿ ರೆಕ್ಕೆಯ ಬಣ್ಣಕ್ಕೂ ಕೈ ಹಾಕಿದೆ. ಗಂಡಿನಲ್ಲಿ ಅದೇ ಜೀನ್ ಇದ್ದರೂ ವೇಷ ಮೂಡುವುದಿಲ್ಲ.

ವೇಷ ಅಚ್ಚುಕಟ್ಟಾಗಿರದಿದ್ದರೆ ಉಪಯೋಗವಿಲ್ಲ ಎನ್ನುವುದೂ ಸರಿಯಲ್ಲ. ಹೂವಿನ ಮೇಲೆ ಕುಳಿತಾಗ ನೋಡಿ: ರೋಸ್‌ನ ಮೈ ಕೆಂಪು, ಮಾರ್ಮನ್‌ನದು ಕಪ್ಪು. ಹಾರುವ ರೆಕ್ಕೆಯನ್ನು ಕಂಡು ಕ್ಷಣದಲ್ಲಿ ತೀರ್ಮಾನಿಸುವ ಹಕ್ಕಿಗೆ ಅಷ್ಟು ಪರೀಕ್ಷಿಸಲು ಪುರುಸೊತ್ತಿಲ್ಲ. ಆದರೆ ವೇಷಧಾರಿಗಳೇ ಹೆಚ್ಚಾದರೆ ಆಟ ಕೆಡುತ್ತದೆ. ಸಿಕ್ಕಿದ್ದೆಲ್ಲ ರುಚಿಯಾಗಿದ್ದರೆ ಹಕ್ಕಿ ಆ ಬಣ್ಣಕ್ಕೆ ಯಾಕೆ ಹೆದರೀತು?

ಮನುಷ್ಯನ ಮುಂದಂತೂ ವೇಷ ತಿರುಗುಬಾಣ. ಹಲ್ಲಿ ಹುಡುಕಿಕೊಂಡು ಮನೆಯೊಳಗೆ ನುಗ್ಗುವ ವಿಷವಿಲ್ಲದ ತೋಳಹಾವನ್ನು ಅದರ ಪಟ್ಟೆ ನೋಡಿ ವಿಷದ ಕಟ್ಟುಹಾವೆಂದು ಹೊಡೆಯುವುದು ಮಾಮೂಲು. ತೋಳಹಾವಿನ ಪಟ್ಟೆ ಕತ್ತಿನ ಬಳಿ ಎದ್ದು ಕಂಡು ಬಾಲದ ಕಡೆ ಮಾಸುತ್ತದೆ. ಕಟ್ಟುಹಾವಿನದು ಕತ್ತಿನಿಂದ ಹಿಂದೆ ಶುರುವಾಗಿ ಬಾಲದವರೆಗೂ ಇರುತ್ತದೆ. ರಾತ್ರಿ ಟಾರ್ಚ್ ಹಿಡಿದು ಇದನ್ನು ಪರೀಕ್ಷಿಸಲು ಹೋಗಬೇಡಿ. ಹೊಡೆಯಲೂ ಬೇಡಿ, ಹಾವು ಹಿಡಿಯುವವರನ್ನು ಕರೆಯಿರಿ.